ಥೇಮ್ಸ್‌ನ ಹಾಯಿ ಬಾರ್ಜನ್ನು ದಡಕ್ಕೆಳೆದರೆ ಉಳಿದೀತೇ?

ಮಂಗಳೂರಿನ ಓದುಗರೊಬ್ಬರು ಎರಡು ಪ್ರಶ್ನೆ ಕಳಿಸಿದ್ದಾರೆ: ಲಂಡನ್ನಿನ ಥೇಮ್ಸ್ ನದಿಯಲ್ಲಿ ಸರಕು ಸಾಗಿಸುತ್ತಿದ್ದ ಹಾಯಿಹಡಗು, ಅಂದರೆ ಸುಮಾರು 80–90 ಅಡಿ ಉದ್ದದ ಥೇಮ್ಸ್ ಬಾರ್ಜನ್ನು ಬರೀ ಇಬ್ಬರು ಹೇಗೆ ನಡೆಸುತ್ತಿದ್ದರು? ಅಳಿದುಳಿದವನ್ನು ನೀರಿನಲ್ಲಿ ಕೊಳೆಯಲು ಬಿಡದೆ ದಡಕ್ಕೆಳೆದು ಚಾವಣಿ ಹಾಕಬಾರದೇ?

ಸಂಪಾದಕರ ಉತ್ತರ:

ಮೊದಲನೆಯದರ ಗುಟ್ಟು ಹಾಯಿಯಲ್ಲಿದೆ. ದೊಡ್ಡ ಹಾಯಿಯನ್ನು ಸ್ಪ್ರಿಟ್ ಎಂಬ ಓರೆಕಂಬ ಎತ್ತಿ ಹಿಡಿದಿರುತ್ತದೆ. ಹಾಯಿ ಮಡಚಲು ಯಾರೂ ಕಂಬ ಹತ್ತಬೇಕಿಲ್ಲ. ಡೆಕ್ಕಿನಲ್ಲೇ ನಿಂತು ವಿಂಚ್ ಎಂಬ ಹಗ್ಗ ಸುತ್ತುವ ರಾಟೆ ತಿರುಗಿಸಿದರೆ ಹಗ್ಗಗಳು ಅದನ್ನು ಪರದೆ ಸರಿಸಿದಂತೆ ಕಂಬದತ್ತ ಸೆಳೆದುಕೊಳ್ಳುತ್ತವೆ. ಹಾಯಿಯ ಕೆಳಗೆ ಅಡ್ಡಕಂಬವಿಲ್ಲ, ಹಾಗಾಗಿ ಡೆಕ್ಕಿನ ಮೇಲೆ ಹುಲ್ಲಿನ ಬಣವೆಯನ್ನೇ ಒಟ್ಟಬಹುದಿತ್ತು. ಲಂಡನ್ನಿನ ಕುದುರೆಗಳಿಗೆ ನೆರೆಯ ಎಸ್ಸೆಕ್ಸ್‌ನ ಹುಲ್ಲು ಹೀಗೆ ಹೋಗುತ್ತಿತ್ತು. ಅವುಗಳ ಲದ್ದಿ ಗೊಬ್ಬರವಾಗಿ ಮರಳುತ್ತಿತ್ತು. ಬಣವೆ ಅಡ್ಡ ಬಂದು ಚುಕ್ಕಾಣಿ ಹಿಡಿದವನಿಗೆ ಮುಂದಿನದು ಕಾಣದು; ಜೊತೆಗಾರ ಮೇಲೆ ನಿಂತು ದಾರಿ ಕೂಗಿ ಹೇಳುತ್ತಿದ್ದ. ಸೇತುವೆ ಬಂದರೆ ಕಂಬವನ್ನೇ ಹಿಂದಕ್ಕೆ ಮಲಗಿಸಬೇಕು. ಆ ಕೆಲಸಕ್ಕೆ ಮಾತ್ರ ಕೆಲವೊಮ್ಮೆ ಮೂರನೆಯವನನ್ನು ಕೂಲಿಗೆ ಹತ್ತಿಸಿಕೊಳ್ಳುತ್ತಿದ್ದರು.

ನಿಮ್ಮೂರ ಹಳೆಬಂದರಿನ ಸರಕು ಹಡಗು ಮಂಜಿಯ ತಳದಂತಲ್ಲ, ಬಾರ್ಜಿನ ತಳ ಪೂರಾ ಚಪ್ಪಟೆ. ಇಳಿತದಲ್ಲಿ ಕೆಸರಿನ ಮೇಲೆ ನೆಟ್ಟಗೆ ಕೂರುತ್ತದೆ. ಹಡಗುಕಟ್ಟೆಯಿಲ್ಲದ ಹೊಲದಂಚಿನಲ್ಲೂ ಸರಕು ತುಂಬಬಹುದು. ಗಾಳಿಗೆ ಪಕ್ಕಕ್ಕೆ ಜಾರದಂತೆ ಗಾಳಿಮರೆಯ ಬದಿಯ ಲೀಬೋರ್ಡ್ ಹಲಗೆಯನ್ನು ನೀರಿಗಿಳಿಸುತ್ತಾರೆ.

ಇನ್ನು ಎರಡನೆಯದು. ಚಾವಣಿ ಸರಿ, ದಡ ಬೇಡ. ಮರವನ್ನು ಹೆಚ್ಚು ಕೊಳೆಸುವುದು ಉಪ್ಪುನೀರಲ್ಲ, ಮಳೆನೀರು. ಡೆಕ್ಕಿನ ಸಂದಿನಿಂದ ಇಳಿದು ತೊಲೆಗಳ ತುದಿಯಲ್ಲಿ ನಿಂತು, ಕೊಳೆತ ಹೊರಗೆ ಕಾಣುವ ಹೊತ್ತಿಗೆ ಒಳಗೆಲ್ಲ ಮರ ಪುಡಿಯಾಗಿರುತ್ತದೆ. ಆದ್ದರಿಂದ ಡೆಕ್ಕಿಗೆ ಹೊದಿಕೆ ಬೇಕು, ಒಳಗೆ ಗಾಳಿಯಾಡಬೇಕು. ದಡಕ್ಕೆ ತಂದರೋ, ಹಲಗೆ ಒಣಗಿ ಕುಗ್ಗುತ್ತದೆ, ಸಂದು ಬಾಯಿ ಬಿಡುತ್ತದೆ, ತುರುಕಿದ ನಾರು ಸಡಿಲವಾಗುತ್ತದೆ. ನೀರಿನಲ್ಲಿಟ್ಟರೂ ಜಾಗ ನೋಡಿ ಇಡಬೇಕು: ಅಡಿಯ ಕೆಸರಿನ ನಡುವೆ ದಿಬ್ಬವಿದ್ದರೆ ಎರಡೂ ತುದಿ ಜೋತುಬಿದ್ದು ಹಡಗು ಬಾಗುತ್ತದೆ. ಬಾಗಿದ್ದನ್ನು ನೇರ ಮಾಡುವುದು ಬಲು ಕಷ್ಟ.

ಹಿಂದೆ ಸೋರುವ ಬಾರ್ಜಿಗೆ ಟಾರು, ಪ್ರಾಣಿಗಳ ಕೂದಲು ಮೆತ್ತಿ ಮೇಲೊಂದು ಪದರ ಹಲಗೆ ಹೊಡೆಯುತ್ತಿದ್ದರು. ಅಗ್ಗದ ಉಪಾಯ, ದುಡಿಯುವ ಹಡಗಿಗೆ ಸಾಕು. ಆದರೆ ಒಳಪದರದ ಕೊಳೆತ ಅದರಡಿ ಮುಚ್ಚಿಹೋಗುತ್ತದೆ, ಸಂರಕ್ಷಣೆ ಎನ್ನಲಾಗದು. 1906ರಲ್ಲಿ ಗ್ರೀನ್‌ಹೈಥ್‌ನಲ್ಲಿ ಕಟ್ಟಿದ 'ಕೇಂಬ್ರಿಯಾ' ಎಂಬ ಬಾರ್ಜು 1970ರವರೆಗೆ ಎಂಜಿನ್ ಇಲ್ಲದೆ ಸರಕು ಸಾಗಿಸಿತು. 2007ರಿಂದ 2011ರವರೆಗೆ ಫ್ಯಾವರ್‌ಷಮ್‌ನಲ್ಲಿ ಅದರ ಬಹುಪಾಲು ಮರ ಬದಲಿಸಿದರು. ಹಾಗಾದರೆ ಅದು ಹಳೆಯ ಹಡಗೇ ಎಂದು ನೀವು ಕೇಳಬಹುದು. ದುಡಿಯುತ್ತಿದ್ದ ಕಾಲದಲ್ಲೂ ಬಾರ್ಜುಗಳ ಹಲಗೆ ಬದಲಾಗುತ್ತಲೇ ಇದ್ದವು.