ಲಂಡನ್ ಹೀತ್ರೂನಿಂದ ನ್ಯೂಯಾರ್ಕ್ ಜೆಎಫ್‌ಕೆಗೆ ಎಷ್ಟು ದೂರ? ವಿಮಾನದಲ್ಲಿ ಎಷ್ಟು ಹೊತ್ತು?

ನೇರ ದೂರ ಸುಮಾರು 5,540 ಕಿಲೋಮೀಟರ್. ಟಿಕೆಟ್‌ನಲ್ಲಿ ಹೋಗುವುದಕ್ಕೆ ಹೆಚ್ಚುಕಡಿಮೆ 8 ಗಂಟೆ, ವಾಪಸ್ ಬರುವುದಕ್ಕೆ 7 ಗಂಟೆ ಎಂದಿರುತ್ತದೆ. ದೂರ ಒಂದೇ, ಸಮಯ ಮಾತ್ರ ಬೇರೆ. ವಿಚಿತ್ರ, ಅಲ್ವಾ?

ಇದು ಗಾಳಿಯ ಕೆಲಸ. ವಿಮಾನ ಹಾರುವ ಹತ್ತು ಕಿಲೋಮೀಟರ್ ಎತ್ತರದ ಆಸುಪಾಸಿನಲ್ಲಿ ಜೆಟ್ ಸ್ಟ್ರೀಮ್ ಎಂಬ ಜೋರು ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತದೆ. ನ್ಯೂಯಾರ್ಕ್‌ಗೆ ಹೋಗುವಾಗ ಅದು ಎದುರಾಗುತ್ತದೆ, ಬರುವಾಗ ಹಿಂದಿನಿಂದ ತಳ್ಳುತ್ತದೆ. ಚಳಿಗಾಲದಲ್ಲಿ ಇದರ ಅಬ್ಬರ ಇನ್ನೂ ಜಾಸ್ತಿ. 2020ರ ಫೆಬ್ರವರಿಯಲ್ಲಿ ಬ್ರಿಟಿಷ್ ಏರ್‌ವೇಸ್‌ನ ಬೋಯಿಂಗ್ 747 ಒಂದು ನ್ಯೂಯಾರ್ಕ್‌ನಿಂದ ಹೊರಟು 4 ಗಂಟೆ 56 ನಿಮಿಷಕ್ಕೇ ಲಂಡನ್ ಮುಟ್ಟಿತ್ತು! ನೆಲದ ಲೆಕ್ಕದಲ್ಲಿ ಅದರ ವೇಗ ಗಂಟೆಗೆ 1,300 ಕಿಲೋಮೀಟರ್ ದಾಟಿತ್ತು. ಹಾಗಂತ ಅದು ಶಬ್ದದ ವೇಗ ಮೀರಿತು ಅಂದುಕೊಳ್ಳಬೇಡಿ. ಸುತ್ತಲಿನ ಗಾಳಿಯೇ ಅದರ ಜೊತೆ ಓಡುತ್ತಿತ್ತು.

5,540ನ್ನು ಗಂಟೆಗೆ 900 ಕಿಲೋಮೀಟರ್ ವೇಗದಿಂದ ಸುಮ್ನೆ ಭಾಗಿಸಿದರೆ 6 ಗಂಟೆ ಚಿಲ್ಲರೆ ಬರುತ್ತದೆ. ಆದರೆ ಟಿಕೆಟ್‌ನ ಸಮಯ ಗೇಟಿನಿಂದ ಗೇಟಿನವರೆಗಿನದು. ರನ್‌ವೇವರೆಗೆ ಉರುಳುವುದು, ಸರದಿ ಕಾಯುವುದು, ಮೇಲೇರುವುದು, ಇಳಿಯುವುದು ಎಲ್ಲ ಅದರಲ್ಲೇ ಸೇರಿದೆ. ದಾರಿಯೂ ಪೂರ್ತಿ ನೇರ ಇರುವುದಿಲ್ಲ. ಆ ದಿನದ ಗಾಳಿ ನೋಡಿ ಮಾರ್ಗ ಬದಲಾಗುತ್ತದೆ.

ಗಡಿಯಾರ ನೋಡಿ ಕಳೆಯಲು ಹೋದರೆ ಲೆಕ್ಕ ತಪ್ಪುತ್ತದೆ. ನ್ಯೂಯಾರ್ಕ್ ಸಮಯ ಸಾಮಾನ್ಯವಾಗಿ ಲಂಡನ್‌ಗಿಂತ 5 ಗಂಟೆ ಹಿಂದೆ. ಬೆಳಿಗ್ಗೆ 11ಕ್ಕೆ ಹೊರಟು ಅಲ್ಲಿನ ಮಧ್ಯಾಹ್ನ 2ಕ್ಕೆ ಇಳಿದರೆ, ಪ್ರಯಾಣ 3 ಗಂಟೆಯದಲ್ಲ, 8 ಗಂಟೆಯದು.