ಸಭೆಯಲ್ಲಿ ಹೂಂ, ಟೀ ಅಂಗಡಿಯಲ್ಲಿ ಊಹೂಂ

ಪ್ರಶ್ನೆ: ನಾನು ಪಾಂಡವಪುರ ತಾಲ್ಲೂಕಿನ ಒಂದು ರೈತ ಉತ್ಪಾದಕ ಕಂಪನಿಯಲ್ಲಿ ಕಾರ್ಯನಿರ್ವಾಹಕನಾಗಿದ್ದೇನೆ. ಮಂಡಳಿಯಲ್ಲಿ ಹತ್ತು ಮಂದಿ ನಿರ್ದೇಶಕರಿದ್ದಾರೆ. ಕಳೆದ ವರ್ಷ ಬೆಲ್ಲ ಪ್ಯಾಕ್ ಮಾಡುವ ಯಂತ್ರದ ವಿಷಯ ಬಂದಾಗ ಅಧ್ಯಕ್ಷರು, “ನಂಗೇನೋ ತಗೊಳ್ಳೋದೇ ಸರಿ ಅನ್ನುಸ್ತದೆ, ನೀವೇನಂತೀರಪ್ಪ?” ಎಂದರು. “ನೀವು ಹೇಳಿದ್ಮೇಲೆ ಇನ್ನೇನಿದೆ ಗೌಡ್ರೇ” ಎಂದು ಎಲ್ಲರೂ ಒಪ್ಪಿದರು. ಸಭೆ ಮುಗಿಸಿ ಟೀ ಅಂಗಡಿಗೆ ಹೋದಾಗ, ಅವರಲ್ಲೇ ಆರು ಮಂದಿ ಆ ಯಂತ್ರ ಬೇಕಿರಲಿಲ್ಲ ಎಂದರು. ಅದೀಗ ಗೋದಾಮಿನ ಮೂಲೆಯಲ್ಲಿ ಟಾರ್ಪಾಲು ಹೊದ್ದು ಕುಳಿತಿದೆ. ಈಗ ಸ್ವಂತ ಆಲೆಮನೆ ಕಟ್ಟುವುದೋ, ಊರಿನಲ್ಲಿರುವ ಆಲೆಮನೆಯನ್ನು ಬಾಡಿಗೆಗೆ ಹಿಡಿಯುವುದೋ ಎಂದು ತೀರ್ಮಾನಿಸಬೇಕಾಗಿದೆ. ಜಗಳವಾಗದಂತೆ ನಿಜವಾದ ಚರ್ಚೆ ನಡೆಸುವುದು ಹೇಗೆ?

ಉತ್ತರ: ನಿಮ್ಮ ಮಂಡಳಿಯಲ್ಲಿ ಅಭಿಪ್ರಾಯಗಳಿಗೇನೂ ಬರವಿಲ್ಲ, ಸಭೆಯ ಕೊಠಡಿಯಿಂದ ಟೀ ಅಂಗಡಿಗೆ ಹೋಗುವಷ್ಟರಲ್ಲಿ ಅವು ತಾವಾಗಿಯೇ ಬಾಯಿಗೆ ಬಂದಿವೆ. ಕೊಠಡಿಯೊಳಗೆ ಅವುಗಳನ್ನು ತಡೆದದ್ದು ಅಧ್ಯಕ್ಷರ ಆ ಒಂದು ಮಾತು. ಹಿರಿಯರು ತಮ್ಮ ಒಲವನ್ನು ಮೊದಲೇ ತಿಳಿಸಿ ಆಮೇಲೆ ಅಭಿಪ್ರಾಯ ಕೇಳಿದರೆ, ಉಳಿದವರ ಕಿವಿಗೆ ಅದು ಪ್ರಶ್ನೆಯಾಗಿ ಬೀಳುವುದಿಲ್ಲ, ಸಭೆ ಕೋಲೆ ಬಸವನಂತೆ ತಲೆಯಾಡಿಸುತ್ತದೆ. ಇದನ್ನು ಹೇಡಿತನವೆಂದು ನಾನು ಕರೆಯಲಾರೆ. ನಾಳೆ ಅದೇ ಅಧ್ಯಕ್ಷರ ಮನೆಯ ಮದುವೆಗೆ ಹೋಗಬೇಕಾದವರು, ಸಾಲಕ್ಕೆ ಅವರ ಜಾಮೀನು ಬೇಕಾದವರು, ಗದ್ದೆಯ ಬದು ಅವರ ಗದ್ದೆಗೇ ತಾಗಿದವರು ಯಂತ್ರವೊಂದರ ವಿಷಯಕ್ಕೆ ಮುಖ ಕೆಡಿಸಿಕೊಳ್ಳುವುದು ಸುಲಭವಲ್ಲ.

ಇದಕ್ಕೆ ಮದ್ದು ನಿಮ್ಮ ಪಕ್ಕದ ಮೈಸೂರಿನಲ್ಲಿಯೇ ಬೆಳಕಿಗೆ ಬಂದ ಗ್ರಂಥವೊಂದರಲ್ಲಿದೆ. ಅಲ್ಲಿನ ಓರಿಯಂಟಲ್ ಲೈಬ್ರರಿಯಲ್ಲಿದ್ದ ಆರ್. ಶಾಮಶಾಸ್ತ್ರಿಗಳು ತಾಳೆಗರಿಯ ಪ್ರತಿಯಿಂದ ಸಂಪಾದಿಸಿ 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರ, ರಾಜನು ಮೂವರು ಅಥವಾ ನಾಲ್ವರು ಮಂತ್ರಿಗಳೊಡನೆ ಆಲೋಚಿಸಬೇಕೆನ್ನುತ್ತದೆ. ಒಬ್ಬನೇ ಮಂತ್ರಿಯಾದರೆ ಕಷ್ಟದ ವಿಷಯದಲ್ಲಿ ನಿಶ್ಚಯ ದೊರೆಯದು. ಇಬ್ಬರಾದರೆ, ಅವರು ಒಂದಾಗಿ ರಾಜನನ್ನು ಹಿಡಿತದಲ್ಲಿಟ್ಟುಕೊಂಡಾರು, ಇಲ್ಲವೇ ತಮ್ಮತಮ್ಮಲ್ಲೇ ಕಾದಾಡಿ ಕೆಲಸವನ್ನು ಕೆಡಿಸಿಯಾರು. ನಿಮಗೆ ಬೇಕಾದದ್ದು ಅದರ ಮುಂದಿನ ಮಾತು. ಮಂತ್ರಿಗಳನ್ನು ಒಬ್ಬೊಬ್ಬರನ್ನಾಗಿಯೂ ಕೇಳಬೇಕು, ಒಟ್ಟಿಗೆ ಕೂರಿಸಿಯೂ ಕೇಳಬೇಕು, ಅವರ ಅಭಿಪ್ರಾಯಗಳ ಭೇದವನ್ನು ಕಾರಣಸಹಿತ ತಿಳಿಯಬೇಕು ಎಂದು ಅವನು ವಿಧಿಸುತ್ತಾನೆ. ನಿಮ್ಮಲ್ಲಿ ನಡೆದದ್ದು ಒಟ್ಟಿಗೆ ಕೇಳುವುದು ಮಾತ್ರ.

ಆದ್ದರಿಂದ ಸಭೆಗೆ ಮೂರು ದಿನ ಮೊದಲು ಹತ್ತೂ ಮಂದಿಗೆ ಒಂದೊಂದು ಚೀಟಿ ಕೊಟ್ಟು, ತಮ್ಮ ಆಯ್ಕೆ ಯಾವುದು, ಅದಕ್ಕೆ ಎರಡು ಕಾರಣಗಳೇನು, ಯಾವ ಸಂಗತಿ ಗೊತ್ತಾದರೆ ತಾವು ಮನಸ್ಸು ಬದಲಿಸುವಿರಿ ಎಂಬುದನ್ನು ಬರೆಸಿಕೊಳ್ಳಿ. ಬರೆಯಲು ಹಿಂಜರಿಯುವವರ ಮನೆಗೆ ನೀವೇ ಹೋಗಿ ಬರೆದುಕೊಳ್ಳಿ. ಸಭೆಯ ದಿನ ಹೆಸರು ಹೇಳದೆ ಎಲ್ಲ ಚೀಟಿಗಳನ್ನೂ ಓದಿಬಿಡಿ. ಆರು ಮಂದಿಯ ಸಂದೇಹ ಮೇಜಿನ ಮೇಲೆ ಬಂದ ನಂತರ ಏಳನೆಯವನಿಗೂ ಬಾಯಿ ಬರುತ್ತದೆ. ಮಾತಿನ ಸರದಿ ಕಿರಿಯ ನಿರ್ದೇಶಕರಿಂದ ಆರಂಭವಾಗಿ ಅಧ್ಯಕ್ಷರಲ್ಲಿ ಮುಗಿಯಲಿ. ಈ ಕಡೆಯ ನಿಯಮಕ್ಕೆ ಅಧ್ಯಕ್ಷರನ್ನು ಒಪ್ಪಿಸುವುದೇ ನಿಮ್ಮ ಅತಿ ಕಠಿಣ ಕೆಲಸವೆಂಬುದು ನನಗೆ ಗೊತ್ತು. ಅಮೆರಿಕದ ಅಧ್ಯಕ್ಷ ಕೆನಡಿಯವರ ಕಥೆಯನ್ನು ಅವರಿಗೆ ಹೇಳಿ ನೋಡಿ. 1961ರಲ್ಲಿ ಕ್ಯೂಬಾದ ಮೇಲಿನ ದಾಳಿಯ ಯೋಜನೆಯನ್ನು ಸಲಹೆಗಾರರು ಗಟ್ಟಿಯಾಗಿ ಪ್ರಶ್ನಿಸದೆ ಒಪ್ಪಿಕೊಂಡು, ಅದು ಮೂರೇ ದಿನಗಳಲ್ಲಿ ಮಣ್ಣುಪಾಲಾಯಿತು. ಮರುವರ್ಷ ಅದೇ ಕ್ಯೂಬಾದಲ್ಲಿ ಸೋವಿಯತ್ ಕ್ಷಿಪಣಿಗಳು ಕಂಡಾಗ, ಕೆನಡಿ ಕೆಲವು ಸಭೆಗಳಿಂದ ಬೇಕೆಂದೇ ದೂರ ಉಳಿದರು. ಸಲಹೆಗಾರರು ಗುಂಪುಗಳಾಗಿ ಒಡೆದು, ದಿಗ್ಬಂಧನ ಮತ್ತು ವಾಯುದಾಳಿ ಎಂಬ ಎರಡು ದಾರಿಗಳನ್ನು ಬೇರೆಬೇರೆಯಾಗಿ ಬರೆದು, ಕಾಗದಗಳನ್ನು ಅದಲುಬದಲು ಮಾಡಿಕೊಂಡು ಪರಸ್ಪರ ತಪ್ಪು ಹುಡುಕಿದರು. ಕಡೆಗೆ ಆಯ್ಕೆಯಾದದ್ದು ದಿಗ್ಬಂಧನ.

ಇನ್ನು ಚರ್ಚೆಯ ಕ್ರಮ. ನಮ್ಮ ಶಾಸ್ತ್ರಗ್ರಂಥಗಳಲ್ಲಿ ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ ಎಂಬ ನಡೆಯಿದೆ. ಎದುರಾಳಿಯ ವಾದವನ್ನು ಅವನಷ್ಟೇ ಬಲವಾಗಿ ಮಂಡಿಸದೆ ತನ್ನ ಸಿದ್ಧಾಂತಕ್ಕೆ ಕೈಹಾಕುವಂತಿಲ್ಲ. ಇದನ್ನೇ ನಿಮ್ಮ ಆಲೆಮನೆಗೂ ಅನ್ವಯಿಸಿ. ಸ್ವಂತದ್ದೇ ಬೇಕೆನ್ನುವವರು ಮೊದಲು ಬಾಡಿಗೆ ಪಕ್ಷದ ಮಾತನ್ನು ಆಡಲಿ: ನಾಲೆಗೆ ನೀರು ಬಿಡದ ವರ್ಷ ಕಬ್ಬು ಇಳಿದರೆ ಕೊಪ್ಪರಿಗೆ ತಣ್ಣಗೆ ಕೂರುತ್ತದೆ, ಬ್ಯಾಂಕಿನ ಕಂತು ಕೂರುವುದಿಲ್ಲ, ಪಾಕದ ಹದ ಬಲ್ಲ ಆಳು ಸಿಗುವುದೂ ಕಷ್ಟ. ಬಾಡಿಗೆಯೇ ಸಾಕೆನ್ನುವವರು ಸ್ವಂತದ ಪಕ್ಷವನ್ನು ಹೇಳಲಿ: ಆಲೆಮನೆಯ ಯಜಮಾನ ತನ್ನ ಕಬ್ಬು ಅರೆದು ಮುಗಿಸಿದ ಮೇಲೆಯೇ ನಮಗೆ ಸರದಿ ಕೊಡುತ್ತಾನೆ, ಬೆಲ್ಲದ ಬಣ್ಣಕ್ಕೆಂದು ಅವನು ಪಾಕಕ್ಕೆ ಹೈಡ್ರೋಸ್ ಹಾಕಿದರೆ, ರಾಸಾಯನಿಕವಿಲ್ಲದ ಬೆಲ್ಲವೆಂದು ಚೀಟಿ ಅಂಟಿಸುವ ಮುಖ ನಮಗಿರುವುದಿಲ್ಲ. “ಹೌದು, ನಾನು ಹೇಳುತ್ತಿರುವುದು ಇದನ್ನೇ” ಎಂದು ಎದುರು ಪಕ್ಷದವರು ಒಪ್ಪಿದ ನಂತರವಷ್ಟೇ ಉತ್ತರ ಕೊಡಲು ಅವಕಾಶ.

ಹೀಗೆ ಒಂದು ಗಂಟೆ ಕಳೆಯುವಷ್ಟರಲ್ಲಿ, ಇಬ್ಬರ ಜಗಳವೂ ಒಂದೇ ಸಂಗತಿಯ ಮೇಲೆ ನಿಂತಿರುವುದು ಬಹುಶಃ ನಿಮಗೆ ಕಾಣುತ್ತದೆ: ವರ್ಷದಲ್ಲಿ ಎಷ್ಟು ದಿನ ಗಾಣ ತಿರುಗಿಸುವಷ್ಟು ಕಬ್ಬು ಸದಸ್ಯರಿಂದ ಬರುತ್ತದೆ? ಅದು ವಾದದಿಂದ ಇತ್ಯರ್ಥವಾಗುವ ಪ್ರಶ್ನೆಯಲ್ಲ. ಅಲ್ಲಿಗೆ ಸಭೆಯನ್ನು ನಿಲ್ಲಿಸಿ, ಎರಡೂ ಪಕ್ಷದಿಂದ ಒಬ್ಬೊಬ್ಬರನ್ನು ಆರಿಸಿ, ಸದಸ್ಯರು ಕಳೆದ ಮೂರು ವರ್ಷ ಎಷ್ಟು ಕಬ್ಬು ಕಡಿದರು, ಅದರಲ್ಲಿ ಕಾರ್ಖಾನೆಗೆ ಹೋದದ್ದೆಷ್ಟು, ಆಲೆಮನೆಗೆ ಬಂದದ್ದೆಷ್ಟು ಎಂಬ ಲೆಕ್ಕವನ್ನು ಇಬ್ಬರೂ ಸೇರಿ ತರಲಿ. ಮುಂದಿನ ಸಭೆಯ ದಿನಾಂಕವನ್ನೂ, ಅಂದು ತೀರ್ಮಾನ ಆಗಿಯೇ ತೀರಬೇಕೆಂಬುದನ್ನೂ ಅಲ್ಲೇ ಬರೆದುಬಿಡಿ, ಇಲ್ಲದಿದ್ದರೆ ಚರ್ಚೆಯ ರುಚಿ ಹತ್ತಿದ ಮಂಡಳಿ ಮುಂದಿನ ಯುಗಾದಿಯವರೆಗೂ ಚರ್ಚಿಸುತ್ತಲೇ ಇದ್ದೀತು.

ಪ್ರಶ್ನೆ: ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ನನ್ನ ಕೈಕೆಳಗೆ ಎಂಟು ಮಂದಿ ಎಂಜಿನಿಯರುಗಳಿದ್ದಾರೆ. ಪ್ರತಿ ಸಭೆಯಲ್ಲೂ ಒಬ್ಬರು ಸರದಿಯಂತೆ ವಿರೋಧಿಸಲೇಬೇಕೆಂಬ ನಿಯಮ ಮಾಡಿದೆ. ಈಗ ಅದೊಂದು ನಾಟಕವಾಗಿದೆ. ವಿರೋಧಿಸುವವನೂ ನಗುತ್ತಾನೆ, ಕೇಳುವವರೂ ನಗುತ್ತಾರೆ.

ಉತ್ತರ: ನಗುವುದು ಸಹಜ. ಈ ಪದ್ಧತಿಯ ಮೂಲ ಕ್ಯಾಥೊಲಿಕ್ ಚರ್ಚಿನಲ್ಲಿದೆ. ಒಬ್ಬರನ್ನು ಸಂತರೆಂದು ಘೋಷಿಸುವ ಮುನ್ನ ಅವರ ವಿರುದ್ಧ ವಾದಿಸಲು 1587ರಲ್ಲಿ ಪೋಪ್ ಐದನೆಯ ಸಿಕ್ಸ್ಟಸ್ ಒಂದು ಹುದ್ದೆಯನ್ನೇ ಸ್ಥಾಪಿಸಿದರು. ಜನ ಅದನ್ನು ‘ಸೈತಾನನ ವಕೀಲ’ ಎಂದರು. 1983ರಲ್ಲಿ ಎರಡನೆಯ ಜಾನ್ ಪಾಲ್ ಅದರ ಅಧಿಕಾರವನ್ನು ಬಹಳಷ್ಟು ಕುಗ್ಗಿಸಿದರು. ಆ ವಕೀಲನಿಗೆ ಕಡತ, ಸಾಕ್ಷಿ, ಸಮಯ ಎಲ್ಲವೂ ಇದ್ದವು. ನಿಮ್ಮ ಎಂಜಿನಿಯರಿಗೆ ಇರುವುದು ಸರದಿ ಮಾತ್ರ. ನಮ್ಮ ಹಳೆಯ ತರ್ಕಪರಂಪರೆಯಾದ ನ್ಯಾಯಶಾಸ್ತ್ರದ ಭಾಷೆಯಲ್ಲಿ ಹೇಳುವುದಾದರೆ, ತನ್ನದೆಂಬ ಪಕ್ಷವನ್ನು ಸ್ಥಾಪಿಸದೆ ಎದುರಿನದನ್ನು ಖಂಡಿಸುವುದಷ್ಟೇ ವಿತಂಡ. ಬರ್ಕಲಿಯ ಮನಶ್ಶಾಸ್ತ್ರಜ್ಞೆ ಶಾರ್ಲನ್ ನೆಮೆತ್ ಅವರ ಪ್ರಯೋಗಗಳಲ್ಲಿಯೂ, ವಿರೋಧದ ಪಾತ್ರ ವಹಿಸಿದವನಿಗಿಂತ ನಿಜವಾಗಿ ಭಿನ್ನಮತವಿದ್ದವನೇ ಗುಂಪಿನಲ್ಲಿ ಹೊಸ ಆಲೋಚನೆಗಳನ್ನು ಹೆಚ್ಚು ಹುಟ್ಟಿಸಿದ್ದು ಕಂಡುಬಂದಿದೆ.

ಸರದಿಯನ್ನು ಕೈಬಿಡಿ. ನಿಮ್ಮ ಎಂಟರಲ್ಲಿ ಆ ಯೋಜನೆಯ ಬಗ್ಗೆ ನಿಜವಾಗಿಯೂ ಅನುಮಾನವಿರುವವರಿಗೆ ಸಿದ್ಧತೆಗೆ ಎರಡು ದಿನ ಕೊಟ್ಟು, ಪರ್ಯಾಯವೊಂದನ್ನು ಮಂಡಿಸಲು ಹೇಳಿ. ಯಾರಿಗೂ ಅನುಮಾನವೇ ಇಲ್ಲವೆಂದಾದರೆ, ಅಮೆರಿಕದ ಮನಶ್ಶಾಸ್ತ್ರಜ್ಞ ಗ್ಯಾರಿ ಕ್ಲೈನ್ ಪ್ರಚುರಪಡಿಸಿದ ಒಂದು ಉಪಾಯವಿದೆ: ಒಂದು ವರ್ಷ ಕಳೆದಿದೆ, ಯೋಜನೆ ನೆಲಕಚ್ಚಿದೆ ಎಂದು ಭಾವಿಸಿಕೊಂಡು, ಏಕೆ ಹಾಗಾಯಿತೆಂದು ಪ್ರತಿಯೊಬ್ಬರೂ ಐದು ನಿಮಿಷ ಬರೆಯಲಿ. ಸೋತದ್ದಾಗಿದೆ ಎಂದುಕೊಂಡವರಿಗೆ ಕಾರಣ ಹೇಳಲು ಸಂಕೋಚವಿರುವುದಿಲ್ಲ.

ಪ್ರಶ್ನೆ: ಮದ್ದೂರು ತಾಲ್ಲೂಕಿನ ಒಂದು ಸಹಕಾರ ಸಂಘದಲ್ಲಿ ನಿರ್ದೇಶಕಿಯಾಗಿದ್ದೇನೆ. ಎಲ್ಲರೂ ಒಂದು ಮಾತು ಹೇಳಿದಾಗ ನನಗೆ ನನ್ನ ಲೆಕ್ಕದ ಮೇಲೆಯೇ ಅನುಮಾನ ಬರುತ್ತದೆ. ಒಬ್ಬಳೇ ವಿರೋಧಿಸಿ ಏನು ಪ್ರಯೋಜನ?

ಉತ್ತರ: 1950ರ ದಶಕದಲ್ಲಿ ಸಾಲಮನ್ ಆಶ್ ಎಂಬ ಮನಶ್ಶಾಸ್ತ್ರಜ್ಞರು, ಕಣ್ಣೆದುರಿನ ಗೆರೆಗಳ ಉದ್ದ ಹೋಲಿಸುವ ಸುಲಭದ ಕೆಲಸ ಕೊಟ್ಟು, ಉಳಿದವರೆಲ್ಲ ಬೇಕೆಂದೇ ತಪ್ಪು ಹೇಳುವಂತೆ ಏರ್ಪಾಡು ಮಾಡಿದ್ದರು. ಅಂಥ ಸುತ್ತುಗಳಲ್ಲಿ ಸುಮಾರು ಮೂರನೆಯ ಒಂದು ಪಾಲು ಉತ್ತರಗಳು ಗುಂಪಿನ ತಪ್ಪಿನ ಕಡೆಗೇ ವಾಲಿದವು. ಆದರೆ ಸರಿಯುತ್ತರ ಹೇಳುವ ಒಬ್ಬನೇ ಒಬ್ಬ ಜೊತೆಗಿದ್ದಾಗ ಆ ಪ್ರಮಾಣ ಬಹಳ ಕೆಳಗಿಳಿಯಿತು. ಆದ್ದರಿಂದ ನಿಮಗೆ ಬಹುಮತ ಬೇಕಿಲ್ಲ, ಒಬ್ಬರು ಸಾಕು. ಸಭೆಯ ಹಿಂದಿನ ದಿನವೇ ನಿಮ್ಮ ಲೆಕ್ಕವನ್ನು ಯಾರಾದರೂ ಒಬ್ಬ ನಿರ್ದೇಶಕರಿಗೆ ತೋರಿಸಿ, ತಪ್ಪಿದ್ದರೆ ಅಲ್ಲೇ ತಿದ್ದಿಸಿಕೊಳ್ಳಿ. ಯಾರೂ ಜೊತೆಯಾಗದಿದ್ದರೆ, ನಿಮ್ಮ ಭಿನ್ನಾಭಿಪ್ರಾಯವನ್ನು ಕಾರಣದೊಡನೆ ನಡಾವಳಿಯಲ್ಲಿ ದಾಖಲಿಸಬೇಕೆಂದು ಕೇಳಿ, ಸಹಿ ಹಾಕುವ ಮುನ್ನ ಅದನ್ನು ಬರೆದಿದ್ದಾರೆಯೇ ಎಂದು ಪುಟ ತಿರುವಿ ಓದಿಕೊಳ್ಳಿ.