ಚಿಮ್ಣಿಗೆ ಫಿಲ್ಟರ್ ಹಾಕಿದ್ರೆ ಕಾರ್ಬನ್ ನಿಲ್ಲುದಿಲ್ವಾ?

ನೀವು ಕೇಳಿದ್ದು, ಪಡುಬಿದ್ರಿ ಹತ್ರ ಎಲ್ಲೂರಲ್ಲಿ ಇರುವಂಥ ಕಲ್ಲಿದ್ದಲು ಪ್ಲಾಂಟಿನ ಚಿಮ್ಣಿಗೆ ಒಳ್ಳೆ ಫಿಲ್ಟರ್ ಹಾಕಿದ್ರೆ ಕಾರ್ಬನ್ ಡೈಆಕ್ಸೈಡ್ ನಿಲ್ಲುದಿಲ್ವಾ ಅಂತ. ನಾನು ಉಡುಪಿಯವ, ಹೊರ ರಾಜ್ಯದ ಒಂದು ಥರ್ಮಲ್ ಪ್ಲಾಂಟಿನಲ್ಲಿ ತುಂಬ ವರ್ಷ ಶಿಫ್ಟ್ ಮಾಡಿದವ, ಹಾಗಾಗಿ ಗೊತ್ತಿದ್ದಷ್ಟು ಹೇಳ್ತೇನೆ.

ಫಿಲ್ಟರ್ ಹಿಡಿಯುದು ಬೂದಿಯನ್ನು ಮಾತ್ರ. ಎಫ್‌ಜಿಡಿ ಅಂತ ಇನ್ನೊಂದುಂಟು, ಅದು ಗಂಧಕದ ಗ್ಯಾಸ್ ತೆಗೀತದೆ. ಕಾರ್ಬನ್ ಡೈಆಕ್ಸೈಡ್ ಎರಡರಲ್ಲೂ ಸಿಕ್ಕುದಿಲ್ಲ. ಬಚ್ಚಲಿನ ಹಂಡೆ ಒಲೆಗೆ ಒಣ ಗೆರಟೆ ಹಾಕಿದ್ರೆ ಹೊಗೆಯೇ ಕಾಣುದಿಲ್ಲ ಅಲ್ವಾ, ಆದ್ರೆ ಗೆರಟೆಯಲ್ಲಿದ್ದ ಕಾರ್ಬನ್ ಎಲ್ಲ ಕಣ್ಣಿಗೆ ಕಾಣದ ಗ್ಯಾಸಾಗಿ ಮೇಲೆ ಹೋಗಿರ್ತದೆ, 1 ಕೆಜಿ ಕಾರ್ಬನ್ ಉರಿದ್ರೆ ಸುಮಾರು 3.67 ಕೆಜಿ ಡೈಆಕ್ಸೈಡ್. ಎಲ್ಲೂರಿನದ್ದು 1200 ಮೆಗಾವ್ಯಾಟ್, ಕಲ್ಲಿದ್ದಲು ವಿದೇಶದಿಂದ ಪಣಂಬೂರು ಬಂದರಿಗೆ ಬಂದು ಅಲ್ಲಿಂದ ರೈಲಲ್ಲಿ ಹೋಗುದು. ಅಷ್ಟು ದೊಡ್ಡ ಪ್ಲಾಂಟ್ ಫುಲ್ ಲೋಡಲ್ಲಿ ಓಡಿದ್ರೆ ಒಂದು ಗಂಟೆಗೆ 12 ಲಕ್ಷ ಯೂನಿಟ್, ಯೂನಿಟ್ಟಿಗೆ 0.9 ಕೆಜಿ ಡೈಆಕ್ಸೈಡ್ ಅಂತ ಹಿಡಿದ್ರೂ ಗಂಟೆಗೆ ಸಾವಿರ ಟನ್ ದಾಟ್ತದೆ.

ಹಿಡಿಯುವ ವಿದ್ಯೆ ಇಲ್ಲ ಅಂತಲ್ಲ. ಅಮೈನ್ ಅನ್ನುವ ಕೆಮಿಕಲಿನಲ್ಲಿ ಗ್ಯಾಸನ್ನು ಹೀರಿಸಿ, ಮತ್ತೆ ಬಿಸಿ ಮಾಡಿ ಬಿಡಿಸುದು. ಆ ಬಿಸಿಗೆ ಟರ್ಬೈನಿಗೆ ಹೋಗ್ಬೇಕಾದ ಸ್ಟೀಮನ್ನೇ ಕದಿಯಬೇಕು, ಕರೆಂಟಿನ ಕಾಲು ಭಾಗದ ಹತ್ತಿರ ಅಲ್ಲೇ ಹೋಗ್ತದೆ. ತೂತುಕುಡಿಯ ಒಂದು ಸೋಡಾ ಆ್ಯಶ್ ಫ್ಯಾಕ್ಟರಿಯಲ್ಲಿ 2016ರಲ್ಲಿ ಹೀಗೆ ಹಿಡಿದು ಉಪಯೋಗಿಸ್ಲಿಕ್ಕೆ ಶುರು ಮಾಡಿದ್ರು, ಅದರ ಅಳತೆ ವರ್ಷಕ್ಕೆ 60,000 ಟನ್. ಒಳ್ಳೆ ಕೆಲಸವೇ. ಆದ್ರೆ ಮೇಲಿನ ಲೆಕ್ಕದಲ್ಲಿ 1200 ಮೆಗಾವ್ಯಾಟ್ ಪ್ಲಾಂಟ್ ಅಷ್ಟನ್ನು ಎರಡೂವರೆ ದಿನದಲ್ಲಿ ಬಿಡ್ತದೆ ಮಾರಾಯ್ರೇ.

ಹಾಗಾದ್ರೆ ಎಂತ ಮಾಡುದು? ಇರುವ ಪ್ಲಾಂಟಿನಲ್ಲಿ ಯೂನಿಟ್ಟಿಗೆ ಉರಿಯುವ ಕಲ್ಲಿದ್ದಲು ಕಮ್ಮಿ ಮಾಡುದು, ಇದನ್ನು ಯಾರೂ ಮಾತಾಡುದೇ ಇಲ್ಲ. ಟರ್ಬೈನಿನಿಂದ ಹೊರಗೆ ಬಂದ ಸ್ಟೀಮ್ ಕಂಡೆನ್ಸರಿನಲ್ಲಿ ನೀರಾಗ್ತದೆ, ಅಲ್ಲಿ ವ್ಯಾಕ್ಯೂಮ್ ಚೆನ್ನಾಗಿರ್ಬೇಕು, ಹೊರಗಿನ ಗಾಳಿ ಒಳಗೆ ನುಗ್ಗಿ ಅದು ಬಿದ್ರೆ ಅಷ್ಟೇ ಕರೆಂಟಿಗೆ ಹೆಚ್ಚು ಕಲ್ಲಿದ್ದಲು ಬೇಕಾಗ್ತದೆ. ನಮ್ಮ ಪ್ಲಾಂಟಿನ 210 ಮೆಗಾವ್ಯಾಟಿನ ಒಂದು ಟರ್ಬೈನಿನಲ್ಲಿ ಒಮ್ಮೆ ವ್ಯಾಕ್ಯೂಮ್ ಸ್ವಲ್ಪ ಬಿದ್ದಿತ್ತು, ಲೋಡ್ ಬರ್ತಾ ಉಂಟಲ್ಲ ಅಂತ ವಾರಗಟ್ಟಲೆ ಹಾಗೇ ಓಡಿಸಿದ್ವಿ. ಕೊನೆಗೆ ಒಂದು ರಾತ್ರಿ ನಾನು ಮತ್ತು ಒಬ್ಬ ಫಿಟ್ಟರ್ ಶೇವಿಂಗ್ ಫೋಮ್ ಡಬ್ಬ ಹಿಡ್ಕೊಂಡು ಜಾಯಿಂಟ್ ಜಾಯಿಂಟಿಗೆ ಹಚ್ಚುತ್ತಾ ಹೋದ್ವಿ, ಒಂದು ವಾಲ್ವಿನ ಗ್ಲ್ಯಾಂಡ್ (ದಂಡಿನ ಸುತ್ತ ಪ್ಯಾಕಿಂಗ್ ತುಂಬುವ ಜಾಗ) ಹತ್ರ ನೊರೆ ಸೊರ್ರಂತ ಒಳಗೆ ಎಳ್ಕೊಂಡಿತು. ಪ್ಯಾಕಿಂಗ್ ಬದಲಿಸಿದ್ದು, ಅಷ್ಟೇ. ಕಲ್ಲಿದ್ದಲು ಹತ್ತಿರ ಹತ್ತಿರ 1 ಶೇಕಡ ಇಳಿಯಿತು, ಅಂದ್ರೆ ದಿನಕ್ಕೆ 50 ಟನ್ನಿನಷ್ಟು ಡೈಆಕ್ಸೈಡ್. ಆ ವಾರಗಳು ನೆನಪಾದ್ರೆ ಈಗ್ಲೂ ಬೇಜಾರಾಗ್ತದೆ.

ಕಲ್ಲಿದ್ದಲಿನ ಜೊತೆ ಹೊಟ್ಟನ್ನು ಒತ್ತಿ ಮಾಡಿದ ಪೆಲೆಟ್ ಉರಿಸುದೂ ಉಂಟು, ಆದ್ರೆ ನಮ್ಮ ಕಡೆ ಗೇರುಬೀಜದ ಸಿಪ್ಪೆ, ಭತ್ತದ ಹೊಟ್ಟು ಈಗಾಗ್ಲೇ ಫ್ಯಾಕ್ಟರಿಗಳ ಬಾಯ್ಲರಿಗೆ ಹೋಗ್ತದೆ, ಅಲ್ಲಿಂದ ಕಿತ್ತು ಇಲ್ಲಿ ಹಾಕಿದ್ರೆ ಲಾಭ ಇಲ್ಲ.

ದೊಡ್ಡ ಇಳಿಕೆ ಬರುದು ಪ್ಲಾಂಟ್ ಕಮ್ಮಿ ಓಡಿದ್ರೆ ಮಾತ್ರ. ಹಗಲು ಪಾವಗಡದ 2050 ಮೆಗಾವ್ಯಾಟ್ ಸೋಲಾರ್ ಉಂಟು, ವಾರಾಹಿಯ 460 ಮೆಗಾವ್ಯಾಟ್ ಜಲವಿದ್ಯುತ್ ಪ್ಲಾಂಟಿನ ನೀರನ್ನು ಹಗಲು ಉಳಿಸಿ ಸಂಜೆ ಬಿಡ್ಲಿಕ್ಕೆ ಆಗ್ತದೆ. ಕಮ್ಮಿ ಲೋಡಲ್ಲಿ ಓಡಿಸಿದ್ರೆ ಪ್ಲಾಂಟಿನ ಎಫಿಶಿಯೆನ್ಸಿ ಬೀಳ್ತದಲ್ಲ ಅಂತ ಕೇಳುವವರಿದ್ದಾರೆ, ಬೀಳ್ತದೆ ಹೌದು, ಆದ್ರೂ ಒಟ್ಟು ಉರಿಯುವ ಕಲ್ಲಿದ್ದಲು ಕಮ್ಮಿಯೇ.

ಕಷ್ಟ ಇರುದು ಸೂರ್ಯ ಮುಳುಗಿದ ಮೇಲಿನ ನಾಲ್ಕು ಗಂಟೆ. ನಿಮಗೆ ಅಡಿಕೆ ತೋಟ ಇದ್ರೆ ಏಪ್ರಿಲ್‌ನಲ್ಲಿ ಪಂಪನ್ನು ಸಂಜೆ ಏಳಕ್ಕೆ ಹಾಕ್ಬೇಡಿ, ಕರೆಂಟ್ ಇದ್ರೆ ಬೆಳಿಗ್ಗೆ ಒಂಬತ್ತಕ್ಕೇ ಹಾಕಿ ಬಿಡಿ. ನಾನು ಅಪ್ಪನ ತೋಟದಲ್ಲಿ ಹಾಗೇ ಮಾಡ್ತಾ ಇದ್ದೇನೆ.